ಮಳೆಗಾಲದ ಕಾಲಿಗೂ ಕೆಟ್ಟ ಹೊಟ್ಟೆಗೂ ಲವಂಗ: ಬಳಸುವುದು ಹೇಗೆ?

ಕೊಡಗಿನಲ್ಲಿ ಜೂನ್‌ನಲ್ಲಿ ಮಳೆ ಹಿಡಿದರೆ ಸೆಪ್ಟೆಂಬರ್‌ವರೆಗೂ ಕಾಲು ಒಣಗುವುದೇ ಕಷ್ಟ. ಗದ್ದೆಯಲ್ಲಿ ನಾಟಿ ಮಾಡುವವರು ಕೆಸರಿನಲ್ಲಿ, ತೋಟದಲ್ಲಿ ದುಡಿಯುವವರು ಗಮ್‌ಬೂಟಿನಲ್ಲಿ ದಿನ ಕಳೆಯುತ್ತಾರೆ. ಸಂಜೆ ಬೂಟು ಬಿಚ್ಚಿದರೆ ಬೆರಳ ಸಂದಿಯ ಚರ್ಮ ಬೆಳ್ಳಗೆ ನೆನೆದು, ಒಂದೇ ಸಮ ತುರಿಕೆ. ಇದು ಹೆಚ್ಚಾಗಿ ಶಿಲೀಂಧ್ರದ (ಫಂಗಸ್) ಸೋಂಕು. ಇದಕ್ಕೆ ಅಡುಗೆಮನೆಯ ಲವಂಗ ಒಳ್ಳೆಯ ನೆರವು. ಆದರೆ ಹದ ತಪ್ಪಿದರೆ ಅದೇ ಲವಂಗ ಚರ್ಮ ಸುಡುತ್ತದೆ.

ಲವಂಗವೆಂದರೆ ಅರಳುವ ಮೊದಲೇ ಕಿತ್ತು ಒಣಗಿಸಿದ ಮೊಗ್ಗು. ಅದರ ಎಣ್ಣೆಯಲ್ಲಿ ಜಾಸ್ತಿ ಇರುವುದು ಯುಜೆನಾಲ್ ಎಂಬ ರಾಸಾಯನಿಕ. ಶಿಲೀಂಧ್ರದ ಜೀವಕೋಶದ ಹೊರಪೊರೆಯನ್ನು ಅದು ಹಾಳುಮಾಡುತ್ತದೆ ಅನ್ನುವುದು ಪ್ರಯೋಗಾಲಯದಲ್ಲಿ ಕಂಡ ವಿಷಯ. ಹಾಗಂತ ಇದು ವೈದ್ಯರು ಕೊಡುವ ಮುಲಾಮಿಗೆ ಬದಲಿ ಅಲ್ಲ.

ಮೊದಲು ಲವಂಗ ಪರೀಕ್ಷಿಸಿ. ಎಣ್ಣೆ ತೆಗೆದು ಬಿಟ್ಟ ಲವಂಗವೂ ಅಂಗಡಿಗೆ ಬರುತ್ತದೆ. ಒಂದನ್ನು ಉಗುರಿನಿಂದ ಒತ್ತಿ. ಒಳ್ಳೆಯದಾದರೆ ಉಗುರಿಗೆ ಎಣ್ಣೆಯ ಪಸೆ ಅಂಟುತ್ತದೆ, ಮೂಗಿಗೆ ಖಾರದ ಘಾಟು ಬಡಿಯುತ್ತದೆ. ತಲೆಯ ಮೇಲಿನ ದುಂಡು ಮೊಗ್ಗು ಉದುರದೆ ಇರಬೇಕು. ಪುಡಿಪುಡಿಯಾಗಿ ಮುರಿಯುವ, ವಾಸನೆಯೇ ಇಲ್ಲದ ಲವಂಗದಿಂದ ಉಪಯೋಗವಿಲ್ಲ.

ಈಗ ಎಣ್ಣೆ. ಒಂದು ದೊಡ್ಡ ಚಮಚ ಲವಂಗ ಸಾಕು, 100 ಮಿಲಿ ಕೊಬ್ಬರಿ ಎಣ್ಣೆಗೆ. ಲವಂಗವನ್ನು ತರಿತರಿಯಾಗಿ ಜಜ್ಜಿ. ಎಣ್ಣೆಯ ಪಾತ್ರೆಯನ್ನು ನೇರವಾಗಿ ಉರಿಯ ಮೇಲೆ ಇಡಬೇಡಿ. ಬಿಸಿನೀರಿನ ಪಾತ್ರೆಯೊಳಗೆ ಕೂರಿಸಿ, ಸಣ್ಣ ಉರಿಯಲ್ಲಿ ಅರ್ಧ ಗಂಟೆ ಬಿಡಿ. ಆರಿದ ಮೇಲೆ ತೆಳು ಬಟ್ಟೆಯಲ್ಲಿ ಸೋಸಿ, ಚೆನ್ನಾಗಿ ಒಣಗಿದ ಬಾಟಲಿಗೆ ತುಂಬಿ. ಒಂದು ಹನಿ ನೀರು ಸೇರಿದರೂ ನಮ್ಮ ಥಂಡಿಯಲ್ಲಿ ಎಣ್ಣೆ ಕೆಡುತ್ತದೆ.

ಅಂಗಡಿಯ ಲವಂಗದ ಎಣ್ಣೆ ಇದ್ದರೆ ಎರಡು ಟೀ ಚಮಚ ಕೊಬ್ಬರಿ ಎಣ್ಣೆಗೆ ಒಂದೇ ಹನಿ. ಅದನ್ನು ಹಾಗೇ ಹಚ್ಚಲೇಬಾರದು.

ಮೊದಲು ಮೊಣಕೈ ಒಳಭಾಗಕ್ಕೆ ಚೂರು ಹಚ್ಚಿ ಒಂದು ದಿನ ಕಾಯಿರಿ. ಕೆಂಪಾದರೆ ಬಿಟ್ಟುಬಿಡಿ. ಏನೂ ಆಗದಿದ್ದರೆ ರಾತ್ರಿ ಕಾಲನ್ನು ಸೋಪಿನಿಂದ ತೊಳೆದು, ಪ್ರತಿ ಬೆರಳ ಸಂದಿಯನ್ನೂ ಒಣ ಬಟ್ಟೆಯಿಂದ ಒತ್ತಿ ಒರೆಸಿ. ಅವಸರ ಬೇಡ, ಅರ್ಧ ಗುಣ ಇರುವುದೇ ಒಣಗಿಸುವುದರಲ್ಲಿ. ಆಮೇಲೆ ಎಣ್ಣೆಯನ್ನು ತೆಳುವಾಗಿ ಸವರಿ. ಗಮ್‌ಬೂಟನ್ನು ರಾತ್ರಿ ಒಲೆಯ ಹತ್ತಿರ ತಲೆಕೆಳಗಾಗಿ ಇಡಿ, ಒದ್ದೆ ಸಾಕ್ಸ್ ಮತ್ತೆ ಹಾಕಬೇಡಿ. ಚರ್ಮ ಬಿರಿದು ನೀರು ಸೋರುತ್ತಿದ್ದರೆ ಈ ಎಣ್ಣೆ ಬೇಡ. ಎರಡು ವಾರದಲ್ಲಿ ಕಡಿಮೆಯಾಗದಿದ್ದರೆ, ಉಗುರಿಗೆ ಹಬ್ಬಿದ್ದರೆ ಡಾಕ್ಟರಿಗೆ ತೋರಿಸಿ. ಸಕ್ಕರೆ ಕಾಯಿಲೆ ಇರುವವರು ಕಾಯಲೇಬೇಡಿ. ಇಂಥದೇ ಶಿಲೀಂಧ್ರದ ಸೋಂಕಾದ ಹುಳುಕಡ್ಡಿಗೆ ಅಂಗಡಿಯಲ್ಲಿ ಕೇಳಿ ಸ್ಟಿರಾಯ್ಡ್ ಬೆರೆತ ಮುಲಾಮು ಹಚ್ಚಿಕೊಳ್ಳುವ ರೂಢಿ ಜಾಸ್ತಿಯಾಗಿದೆ. ತುರಿಕೆ ನಿಂತಂತೆ ಕಂಡರೂ ಸೋಂಕು ಹಬ್ಬುತ್ತಲೇ ಇರುತ್ತದೆ. ಅದಂತೂ ಬೇಡವೇ ಬೇಡ.

ಹೊಟ್ಟೆಯ ಮದ್ದು ಇನ್ನೂ ಸುಲಭ. ಕಡಂಬುಟ್ಟು (ಅಕ್ಕಿ ಕಡುಬು), ಪಂದಿ ಕರಿ (ಹಂದಿ ಮಾಂಸದ ಸಾರು) ಜೋರಾಗಿ ಹೊಡೆದು ಹೊಟ್ಟೆ ಉಬ್ಬರಿಸಿದೆ ಅಲ್ವಾ? ಮೂರು ಲವಂಗ ಜಜ್ಜಿ, ಒಂದು ಲೋಟ ನೀರಿನಲ್ಲಿ ಐದು ನಿಮಿಷ ಕುದಿಸಿ, ಸೋಸಿ, ಚೂರು ಬೆಲ್ಲ ಹಾಕಿ ಬಿಸಿಬಿಸಿಯಾಗಿ ಗುಟುಕು ಗುಟುಕಾಗಿ ಕುಡಿಯಿರಿ. ದಿನಕ್ಕೆ ಒಂದು ಲೋಟ ಸಾಕು. ಎದೆಯುರಿ ಇರುವವರಿಗೆ ಇದು ಆಗಿಬರುವುದಿಲ್ಲ. ರಕ್ತ ತೆಳುವಾಗಲು ಮಾತ್ರೆ ತೆಗೆದುಕೊಳ್ಳುವವರು, ಬಸುರಿಯರು ಡಾಕ್ಟರನ್ನು ಕೇಳಿಯೇ ಕುಡಿಯಬೇಕು. ಭೇದಿಯಾದರೆ ಮೊದಲು ಬೇಕಾದದ್ದು ಓಆರ್‌ಎಸ್, ಲವಂಗವಲ್ಲ. ಜ್ವರ ಬಂದರೆ, ಮಲದಲ್ಲಿ ರಕ್ತ ಕಂಡರೆ ಆಸ್ಪತ್ರೆಗೆ ಹೋಗಿ.

ಅಂಗಡಿಯ ಲವಂಗದ ಎಣ್ಣೆಯನ್ನು ಮಕ್ಕಳ ಕೈಗೆ ಎಟುಕದ ಹಾಗೆ ಎತ್ತಿಡಿ. ಸ್ವಲ್ಪವೇ ನುಂಗಿದರೂ ಮಕ್ಕಳ ಲಿವರ್‌ಗೆ ಪೆಟ್ಟು ಬೀಳಬಹುದು. ನುಂಗಿದ್ದು ಗೊತ್ತಾದರೆ ವಾಂತಿ ಮಾಡಿಸಲು ಹೋಗಬೇಡಿ, ಬಾಟಲಿ ಸಮೇತ ಆಸ್ಪತ್ರೆಗೆ ಓಡಿ.