ಕಾರ್ಬೊರೇಟರ್ ಸೋರುತ್ತಿದೆಯೇ? ಬಿಚ್ಚುವ ಮೊದಲು ಒದ್ದೆ ಎಲ್ಲಿದೆ ನೋಡಿ

ಬಳ್ಳಾರಿ, ಸಂಡೂರು, ಸಿರುಗುಪ್ಪ ಕಡೆ ಇನ್ನೂ ಓಡಾಡುತ್ತಿರುವ ಪ್ರೀಮಿಯರ್ ಪದ್ಮಿನಿ, ಹಳೆ ಅಂಬಾಸಿಡರ್, ಪೆಟ್ರೋಲ್ ಜೀಪುಗಳ ಮಾಲೀಕರು ಗ್ಯಾರೇಜಿನಲ್ಲಿ ಹೇಳುವ ದೂರು ಹೆಚ್ಚಾಗಿ ಒಂದೇ: ‘ಪೆಟ್ರೋಲ್ ವಾಸ್ನೆ ಬರ್ತೈತೆ, ಮೈಲೇಜ್ ಬಿದ್ದೈತೆ.’ ಅದಕ್ಕೆ ಸಿಗುವ ಚಿಕಿತ್ಸೆಯೂ ಒಂದೇ: ಪೆಟ್ರೋಲನ್ನು ಗಾಳಿಯೊಂದಿಗೆ ಬೆರೆಸಿ ಎಂಜಿನ್‌ಗೆ ಕೊಡುವ ಕಾರ್ಬೊರೇಟರಿನ ಸ್ಕ್ರೂಗಳನ್ನು ಇನ್ನೊಂದು ಸುತ್ತು ಬಿಗಿ ಮಾಡುವುದು, ಪ್ಯಾಕಿಂಗ್ ಸುತ್ತ ಸಿಲಿಕಾನ್ ಗೋಂದು ಮೆತ್ತುವುದು. ಇವೆರಡರಿಂದ ಸೋರಿಕೆ ನಿಲ್ಲುವುದು ಅಪರೂಪ. ಬಿಗಿದಷ್ಟೂ ಮೆತ್ತನೆ ಲೋಹದ ಮುಚ್ಚಳ ಸೊಟ್ಟಗಾಗುತ್ತದೆ. ಸಿಲಿಕಾನ್ ಪೆಟ್ರೋಲಿನಲ್ಲಿ ಉಬ್ಬಿ, ಚೂರುಚೂರಾಗಿ ಜೆಟ್ಟಿಗೆ (ಪೆಟ್ರೋಲ್ ಹಾಯುವ ಸಣ್ಣ ತೂತಿನ ಹಿತ್ತಾಳೆ ತುಣುಕಿಗೆ) ಹೋಗಿ ಕೂರುತ್ತದೆ.

ಪೆಟ್ರೋಲ್ ಎಲ್ಲಿಂದ ಬರುತ್ತಿದೆ ಎಂದು ಮೊದಲು ಗೊತ್ತುಮಾಡಿಕೊಂಡರೆ ಕೆಲಸ ಅರ್ಧ ಮುಗಿದಂತೆ. ಇಲ್ಲಿ ಹೇಳುವುದು ಮುಖ್ಯವಾಗಿ ಪದ್ಮಿನಿಯ ಸೋಲೆಕ್ಸ್ ಕಾರ್ಬೊರೇಟರ್ ಬಗ್ಗೆ. ಎಸ್‌ಯು ಎಂಬ ಇನ್ನೊಂದು ಬಗೆಯ ಕಾರ್ಬೊರೇಟರ್ ಇರುವ ಅಂಬಾಸಿಡರ್‌ಗಳ ರಚನೆ ಬೇರೆ, ಆದರೆ ಪೆಟ್ರೋಲ್ ಮಟ್ಟ ಕಾಯುವ ಫ್ಲೋಟ್ (ತೇಲುಬುರುಡೆ) ಮತ್ತು ನೀಡಲ್ ವಾಲ್ವಿನ (ಸೂಜಿಯಂಥ ಕವಾಟದ) ಮಾತು ಅದಕ್ಕೂ ಸಲ್ಲುತ್ತದೆ.

ಬೆಂಕಿಯ ಮಾತು ಮೊದಲು

ಪೆಟ್ರೋಲಿನ ಆವಿ ಗಾಳಿಗಿಂತ ಭಾರ. ನೆಲ ಹಿಡಿದು ಹರಿದು ದೂರದ ಕಿಡಿಯನ್ನೂ ತಲುಪುತ್ತದೆ. ಕೆಲಸವನ್ನು ಬಯಲಲ್ಲಿ ಅಥವಾ ಬಾಗಿಲು ಪೂರಾ ತೆರೆದ ಶೆಡ್ಡಿನಲ್ಲಿ ಮಾಡಿ. ಎಂಜಿನ್ ತಣ್ಣಗಿರಲಿ, ಬ್ಯಾಟರಿಯ ನೆಗೆಟಿವ್ ತಂತಿ ಕಳಚಿರಲಿ. ಬೀಡಿ, ಸಿಗರೇಟು, ವೈರಿಗೆ ನೇತುಹಾಕಿದ ಬಲ್ಬು ಹತ್ತಿರ ಬೇಡ. ಸೆಲ್ ಟಾರ್ಚ್ ಸಾಕು. ಒಣ ಪುಡಿಯ ಅಗ್ನಿಶಾಮಕವನ್ನು ಕೈಗೆ ಸಿಗುವಲ್ಲಿ ಇಡಿ. ಪೆಟ್ರೋಲ್ ಬೆಂಕಿಗೆ ನೀರು ಸುರಿದರೆ ಉರಿ ಹರಡುತ್ತದೆ. ಸೋರುತ್ತಿರುವ ಕಾರನ್ನು ‘ನಾಳೆ ನೋಡೋಣ’ ಎಂದು ಓಡಿಸುವವರಿಗೆ ನಾನು ಕೈಮುಗಿದು ಹೇಳುವುದು ಇಷ್ಟೇ: ಇವತ್ತೇ ನಿಲ್ಲಿಸಿ.

ಕೆಂಪು ಗೆರೆ ಹುಡುಕಿ

ನಮ್ಮ ಬಿಸಿಲಿನಲ್ಲಿ ಪೆಟ್ರೋಲ್ ಹನಿ ಕಣ್ಣಿಗೆ ಬೀಳುವ ಮೊದಲೇ ಆರಿಹೋಗುತ್ತದೆ. ಹಾಗಾಗಿ ಬೆಳಗ್ಗೆ ಬೇಗ ಬಾನೆಟ್ ತೆರೆಯಿರಿ. ಅದಿರಿನ ಧೂಳು ಇಲ್ಲೊಂದು ಉಪಕಾರ ಮಾಡುತ್ತದೆ. ಸಂಡೂರು, ತೋರಣಗಲ್ಲು ರಸ್ತೆಯಲ್ಲಿ ಓಡಾಡುವ ಕಾರಿನ ಎಂಜಿನ್ ಮೇಲೆ ಕೆಂಪು ಪುಡಿ ಕೂತಿರುತ್ತದೆ. ಪೆಟ್ರೋಲ್ ಹರಿದ ಕಡೆ ಅದು ಕಲಸಿ, ಒಣಗಿ, ಕಂದುಗೆಂಪು ಗೆರೆಯಾಗಿ ನಿಂತಿರುತ್ತದೆ. ಒರೆಸುವ ಮೊದಲು ಆ ಗೆರೆಯನ್ನು ಮೇಲಕ್ಕೆ ಹಿಂಬಾಲಿಸಿ, ಮೊಬೈಲಿನಲ್ಲಿ ಫೋಟೊ ತೆಗೆದುಕೊಳ್ಳಿ. ಸೋರಿಕೆಯ ಜಾಗ ಗೆರೆಯ ಮೇಲಿನ ತುದಿಯಲ್ಲಿರುತ್ತದೆ.

ಆಮೇಲೆ ಸೀಮೆಎಣ್ಣೆ, ಬ್ರಷ್ಷಿನಿಂದ ಕಾರ್ಬೊರೇಟರಿನ ಹೊರಮೈ ತೊಳೆದು ಒಣಗಿಸಿ, ಸುತ್ತ ತೆಳ್ಳಗೆ ಟಾಲ್ಕಂ ಪೌಡರ್ ಉದುರಿಸಿ. ಟ್ಯಾಂಕಿನಿಂದ ಕಾರ್ಬೊರೇಟರಿಗೆ ಪೆಟ್ರೋಲ್ ಕಳಿಸುವ ಪಂಪಿಗೆ ಕೈಯಿಂದ ಒತ್ತುವ ಸಣ್ಣ ಲಿವರ್ ಇದ್ದರೆ ಕೆಲವು ಸಲ ಒತ್ತಿ. ಒದ್ದೆಯಾದ ಪೌಡರ್ ಬಣ್ಣಗೆಟ್ಟು ಜಾಗ ತೋರಿಸುತ್ತದೆ.

ಪೈಪು ಕೂಡುವಲ್ಲಿ ಒದ್ದೆ ಇದ್ದರೆ ಕಾರ್ಬೊರೇಟರ್ ಬಿಚ್ಚುವ ಅಗತ್ಯವೇ ಇಲ್ಲ, ಪೈಪು ಮತ್ತು ಕ್ಲಿಪ್ ಬದಲಿಸಿದರಾಯಿತು. ಹಳೆ ರಬ್ಬರ್ ಪೈಪನ್ನು ಬಗ್ಗಿಸಿ ನೋಡಿ, ಬಿರುಕು ಕಾಣುತ್ತದೆ. 20 ಶೇಕಡಾ ಎಥನಾಲ್ ಬೆರೆತ ಪೆಟ್ರೋಲಿಗೆ 2023ರ ಫೆಬ್ರುವರಿಯಲ್ಲಿ ಬೆಂಗಳೂರಿನಲ್ಲಿ ಚಾಲನೆ ಸಿಕ್ಕಿತು. ಪದ್ಮಿನಿ ಕಾಲದ ರಬ್ಬರ್ ಮತ್ತು ಕಾರ್ಕ್ ಪ್ಯಾಕಿಂಗುಗಳು ಆ ಪೆಟ್ರೋಲಿಗೆಂದು ಮಾಡಿದವಲ್ಲ. ಎಥನಾಲ್ ತಾಳುವ ಪೈಪನ್ನೇ ಕೇಳಿ ತನ್ನಿ.

ಕೆಳಗಿನ ಬೋಲ್ಟ್ ಅಥವಾ ಜೆಟ್ ಹೋಲ್ಡರ್ ಬುಡ ಒದ್ದೆಯಾಗಿದ್ದರೆ ಫೈಬರ್ ವಾಷರ್ ಸತ್ತಿದೆ. ಪಕ್ಕದಲ್ಲಿ ಆಕ್ಸಿಲರೇಟರ್ ಪಂಪಿನ (ಆಕ್ಸಿಲರೇಟರ್ ಒತ್ತಿದಾಗ ಹೆಚ್ಚು ಪೆಟ್ರೋಲ್ ಚಿಮ್ಮಿಸುವ ಭಾಗದ) ಮುಚ್ಚಳ ಇರುವ ಮಾದರಿಯಲ್ಲಿ ಅಲ್ಲಿ ಒದ್ದೆ ಕಂಡರೆ ಡಯಾಫ್ರಾಮ್ (ಒಳಗಿನ ತೆಳು ಪೊರೆ) ಹರಿದಿದೆ. ಮೇಲಿನ ಮುಚ್ಚಳದ ಪ್ಯಾಕಿಂಗಿನಿಂದ ಪೆಟ್ರೋಲ್ ಉಕ್ಕುತ್ತಿದ್ದರೆ, ಅಥವಾ ಏರ್ ಕ್ಲೀನರ್ ತೆಗೆದಾಗ ಒಳಗೆ ತೊಟ್ಟಿಕ್ಕುವುದು ಕಂಡರೆ, ಅದು ಓವರ್‌ಫ್ಲೋ. ಪ್ಯಾಕಿಂಗಿನ ತಪ್ಪು ಅದರಲ್ಲಿ ಕಡಿಮೆ. ಒಳಗೆ ಪೆಟ್ರೋಲ್ ಮಟ್ಟ ಮೀರುತ್ತಿದೆ.

ಇನ್ನೊಂದು ಪರಿಸ್ಥಿತಿ ದೋಷದಂತೆ ಕಂಡರೂ ದೋಷವಲ್ಲ. ಮೇ ತಿಂಗಳಲ್ಲಿ ಹೊಸಪೇಟೆಯಿಂದ ಬಂದು ಕಾರು ನಿಲ್ಲಿಸಿದ ಸ್ವಲ್ಪ ಹೊತ್ತಿಗೆ ವಾಸನೆ ಎದ್ದು, ಮತ್ತೆ ಸ್ಟಾರ್ಟ್ ಆಗಲು ಕಾರು ಸತಾಯಿಸಿದರೆ, ಎಂಜಿನ್ ಬಿಸಿಗೆ ಫ್ಲೋಟ್ ಚೇಂಬರಿನ (ಕಾರ್ಬೊರೇಟರಿನೊಳಗೆ ಪೆಟ್ರೋಲ್ ನಿಲ್ಲುವ ತೊಟ್ಟಿಯ) ಪೆಟ್ರೋಲ್ ಕುದಿಯುತ್ತಿರಬಹುದು. ಪೆಟ್ರೋಲಿನ ಹಗುರ ಅಂಶಗಳು 40 ಡಿಗ್ರಿ ಆಸುಪಾಸಿನಲ್ಲೇ ಕುದಿಯತೊಡಗುತ್ತವೆ. ಬೆಳಗಿನ ತಂಪಿನಲ್ಲಿ ಒಣಗಿದ್ದು, ಬಿಸಿಯಾದಾಗ ಮಾತ್ರ ಒದ್ದೆಯಾಗುವುದೇ ಅದರ ಗುರುತು. ಆಗ ನೋಡಬೇಕಾದ್ದು ಕಾರ್ಬೊರೇಟರಿನ ಅಡಿಯಲ್ಲಿ ಶಾಖ ತಡೆಯುವ ಬೇಕಲೈಟ್ ದಿಮ್ಮಿ ಸರಿಯಾಗಿ ಇದೆಯೇ, ಪೆಟ್ರೋಲ್ ಪೈಪು ಎಕ್ಸಾಸ್ಟಿಗೆ ತೀರಾ ಹತ್ತಿರ ಹೋಗಿದೆಯೇ ಎಂದು.

ಬಿಚ್ಚುವುದು

ಏರ್ ಕ್ಲೀನರ್ ತೆಗೆಯಿರಿ. ರಾಡು, ಸ್ಪ್ರಿಂಗು, ಚೋಕ್ ತಂತಿ ಯಾವ ತೂತಿಗೆ ಕೂತಿವೆ ಎಂದು ಎರಡು ದಿಕ್ಕಿನಿಂದ ಫೋಟೊ ಹಿಡಿಯಿರಿ. ಪೆಟ್ರೋಲ್ ಪೈಪು ಕಳಚಿದ ಕೂಡಲೇ ಅದರ ಬಾಯಿಗೆ ಬೋಲ್ಟ್ ತುರುಕಿ. ಕಾರ್ಬೊರೇಟರ್ ಎತ್ತಿದ ಮೇಲೆ ಎಂಜಿನ್‌ಗೆ ಹೋಗುವ ಕೊಳವೆಯ (ಮ್ಯಾನಿಫೋಲ್ಡಿನ) ತೆರೆದ ಬಾಯಿಗೆ ಒಗೆದ ಬಟ್ಟೆ ಮುಚ್ಚಿ. ಒಂದು ವಾಷರ್ ಒಳಗೆ ಬಿದ್ದರೂ ಹೆಡ್ ಇಳಿಸುವ ಕೆಲಸ ಬೀಳುತ್ತದೆ.

ಅಗಲವಾದ ಸ್ಟೀಲ್ ತಟ್ಟೆಯ ಮೇಲಿಟ್ಟು ಬಿಚ್ಚಿ. ಮುಚ್ಚಳ ಎತ್ತಿದಾಗ ಚೇಂಬರಿನ ತಳ ನೋಡಿ. ನಮ್ಮ ಕಡೆಯ ಕಾರುಗಳಲ್ಲಿ ಅಲ್ಲಿ ನುಣ್ಣನೆ ಕೆಂಪು ಕೆಸರು ಕೂತಿರುತ್ತದೆ. ಸ್ವಲ್ಪ ಧೂಳು, ಸ್ವಲ್ಪ ಟ್ಯಾಂಕಿನ ತುಕ್ಕು. ಬೆರಳಿಗೆ ಹತ್ತಿಸಿ ಉಜ್ಜಿದರೆ ತುಕ್ಕು ಗರಗರ ಎನ್ನುತ್ತದೆ. ಗರಗರ ಎಂದರೆ ಟ್ಯಾಂಕ್ ತೊಳೆಸದೆ ಕಾರ್ಬೊರೇಟರ್ ರಿಪೇರಿ ಉಳಿಯುವುದಿಲ್ಲ.

ಪೆಟ್ರೋಲ್, ಗಾಳಿಯ ಪ್ರಮಾಣ ಹೊಂದಿಸುವ ಮಿಕ್ಸ್ಚರ್ ಸ್ಕ್ರೂ ತೆಗೆಯುವ ಮೊದಲು ಮೆಲ್ಲಗೆ ಒಳಕ್ಕೆ ತಿರುಗಿಸಿ, ಎಷ್ಟು ಸುತ್ತಿಗೆ ತಳ ಮುಟ್ಟಿತು ಎಂದು ಬರೆದಿಡಿ. ಒತ್ತಿ ಬಿಗಿದರೆ ಅದರ ಮೊನೆ ಕೆಡುತ್ತದೆ.

ನೀಡಲ್ ವಾಲ್ವ್ ಮತ್ತು ಫ್ಲೋಟ್

ಓವರ್‌ಫ್ಲೋ ಆಗುವ ಕಾರುಗಳಲ್ಲಿ ಬಹುಪಾಲು ತಪ್ಪು ಇಲ್ಲೇ ಸಿಗುತ್ತದೆ, ಆದ್ದರಿಂದ ಅವಸರ ಮಾಡಬೇಡಿ. ಮನೆ ಮೇಲಿನ ನೀರಿನ ಟ್ಯಾಂಕಿನ ಬಾಲ್ ವಾಲ್ವ್ ಹೇಗೋ ಇದೂ ಹಾಗೆ: ಪೆಟ್ರೋಲ್ ಮೇಲೇರಿದಂತೆ ಫ್ಲೋಟ್ ಎದ್ದು, ನೀಡಲನ್ನು ಸೀಟಿಗೆ ಒತ್ತಿ ದಾರಿ ಮುಚ್ಚುತ್ತದೆ. ಒಂದು ಕಣ ಧೂಳು ಸಿಕ್ಕಿಕೊಂಡರೂ ದಾರಿ ತೆರೆದೇ ಉಳಿಯುತ್ತದೆ.

ನೀಡಲಿನ ಶಂಕುವಿನಾಕಾರದ ಮೊನೆಯನ್ನು ಭೂತಗನ್ನಡಿ ಹಿಡಿದು ನೋಡಿ. ಉಗುರಿಗೆ ತಾಗುವಂಥ ಹೊಳೆಯುವ ಉಂಗುರ ಮೂಡಿದ್ದರೆ ಅದು ಸವೆದಿದೆ. ಉಜ್ಜಿ ಸರಿಮಾಡಲು ಹೋಗಬೇಡಿ. ನೀಡಲ್, ಸೀಟು ಎರಡನ್ನೂ ಜೋಡಿಯಾಗಿಯೇ ಬದಲಿಸಿ. ಹೊಸದನ್ನೂ ಪರೀಕ್ಷಿಸಬೇಕು: ಮುಚ್ಚಳವನ್ನು ತಲೆಕೆಳಗು ಹಿಡಿದು, ನೀಡಲ್ ತನ್ನ ಭಾರಕ್ಕೆ ಕೂತಾಗ, ಪೆಟ್ರೋಲ್ ಬರುವ ನಳಿಕೆಗೆ ರಬ್ಬರ್ ಬಲ್ಬಿನಿಂದ ಮೆಲ್ಲಗೆ ಗಾಳಿ ಒತ್ತಿ. ಬೆರಳಿಂದ ನೀಡಲನ್ನು ಹಗುರವಾಗಿ ಅದುಮಿದಾಗ ಗಾಳಿ ಪೂರ್ತಿ ನಿಲ್ಲಬೇಕು.

ಫ್ಲೋಟನ್ನು ಕಿವಿ ಹತ್ತಿರ ಅಲ್ಲಾಡಿಸಿ. ಒಳಗೆ ಕಳಕಳ ಎಂದರೆ ತೂತಾಗಿ ಪೆಟ್ರೋಲ್ ತುಂಬಿದೆ, ಭಾರವಾಗಿ ಮುಳುಗುತ್ತಿದೆ. ಸದ್ದಿಲ್ಲದಿದ್ದರೂ ಹಿತ್ತಾಳೆ ಫ್ಲೋಟಾದರೆ ಬಿಸಿನೀರಿನಲ್ಲಿ ಅದ್ದಿ ಹಿಡಿಯಿರಿ. ಕೂದಲೆಳೆ ಬಿರುಕಾದರೂ ಗುಳ್ಳೆ ಸಾಲು ಏಳುತ್ತದೆ. ನೀರನ್ನು ಬೇರೆ ಕಡೆ ಕಾಯಿಸಿ ತನ್ನಿ, ಒಲೆಯ ಬಳಿ ಫ್ಲೋಟ್ ಒಯ್ಯಬೇಡಿ. ಒಳಗೆ ಪೆಟ್ರೋಲಿರುವ ಫ್ಲೋಟಿಗೆ ಬೆಸುಗೆ ಹಾಕಲು ಹೋದರೆ ಸಿಡಿಯುತ್ತದೆ. ಬೆಸುಗೆಯ ತೂಕವೂ ಮಟ್ಟವನ್ನು ಏರಿಸುತ್ತದೆ. ಹೊಸ ಫ್ಲೋಟ್ ಹಾಕುವುದೇ ಮೇಲು.

ಎಲ್ಲ ಹೊಸದಾದ ಮೇಲೂ ಮಟ್ಟ ಹೆಚ್ಚಿದ್ದರೆ ಸೋಲೆಕ್ಸಿನಲ್ಲಿ ಸುಲಭದ ದಾರಿ ಇದೆ. ನೀಡಲ್ ಸೀಟಿನ ಬುಡದ ವಾಷರ್ ದಪ್ಪವಾದಷ್ಟೂ ಸೀಟು ಕೆಳಗಿಳಿದು, ದಾರಿ ಬೇಗ ಮುಚ್ಚಿ, ಪೆಟ್ರೋಲ್ ಮಟ್ಟ ತಗ್ಗುತ್ತದೆ. ಹಳೆ ವಾಷರನ್ನು ಎಸೆಯದೆ ಅದರ ದಪ್ಪ ಅಳೆದು, ಅಷ್ಟೇ ದಪ್ಪದ್ದರಿಂದ ಶುರುಮಾಡಿ.

ಜೆಟ್ಟು, ಪ್ಯಾಕಿಂಗು, ಸ್ಪಿಂಡಲ್

ಜೆಟ್ಟಿನ ಮೇಲಿನ ಅಂಕಿ ಅದರ ತೂತಿನ ಅಳತೆ, ಮಿಲಿಮೀಟರಿನ ನೂರನೇ ಪಾಲಿನಲ್ಲಿ. 115 ಎಂದರೆ 1.15 ಮಿ.ಮೀ. ಮೆತ್ತನೆ ಹಿತ್ತಾಳೆಗೆ ಪಿನ್ನು, ತಂತಿ ತೂರಿಸಿದರೆ ಆ ಅಳತೆ ಕೆಡುತ್ತದೆ. ಕ್ಲೀನರ್ ಸಿಂಪಡಿಸಿ ಗಾಳಿ ಹಾಯಿಸಿ. ಜಗ್ಗದಿದ್ದರೆ ಬ್ರಷ್ಷಿನ ನೈಲಾನ್ ಎಳೆ ಸಾಕು. ಗಾಳಿ ಹಾಯಿಸುವಾಗ ಕಣ್ಣಿಗೆ ಕನ್ನಡಕ ಇರಲಿ.

ಮುಚ್ಚಳವನ್ನು ಗಾಜಿನ ಮೇಲೆ ಬೋರಲಿಟ್ಟು ಮೂಲೆ ಒತ್ತಿ ನೋಡಿ. ಅಲ್ಲಾಡಿದರೆ ಸೊಟ್ಟಗಾಗಿದೆ. ಗಾಜಿನ ಮೇಲೆ ನುಣ್ಣನೆ ಎಮರಿ ಹಾಳೆ ಹಾಸಿ, ಎಂಟರ ಆಕಾರದಲ್ಲಿ ಮೆಲ್ಲಗೆ ತಿಕ್ಕಿದರೆ ಸಮವಾಗುತ್ತದೆ. ಆಮೇಲೆ ಕ್ಲೀನರಿನಿಂದ ತೊಳೆಯಲೇಬೇಕು, ಎಮರಿ ಪುಡಿ ಒಂದು ಕಣವೂ ಉಳಿಯಬಾರದು. ಪ್ಯಾಕಿಂಗನ್ನು ಒಣದಾಗಿಯೇ ಕೂರಿಸಿ, ಗೋಂದು ಬೇಡ. ರಿಪೇರಿ ಕಿಟ್ ಬಳ್ಳಾರಿಯಲ್ಲಿ ಸಿಗದಿದ್ದರೆ ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ವಿಚಾರಿಸಿ. ಹಳೆ ಪ್ಯಾಕಿಂಗ್, ಡಯಾಫ್ರಾಮನ್ನು ಅಳತೆಗೆ ಜೊತೆಗೊಯ್ಯಿರಿ.

ಥ್ರಾಟಲ್ ಸ್ಪಿಂಡಲನ್ನು (ಆಕ್ಸಿಲರೇಟರ್ ಒತ್ತಿದಾಗ ತಿರುಗುವ ಕಡ್ಡಿಯನ್ನು) ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿ. ಅದಿರಿನ ಧೂಳು ಎಣ್ಣೆಯೊಂದಿಗೆ ಸೇರಿ ಅಲ್ಲಿ ಸಾಣೆಯ ಕೆಲಸ ಮಾಡಿರುತ್ತದೆ. ಕಣ್ಣಿಗೆ ಕಾಣುವಷ್ಟು ಆಟವಿದ್ದರೆ ಅಲ್ಲಿಂದ ಗಾಳಿ ಎಳೆದು ಆಕ್ಸಿಲರೇಟರ್ ಬಿಟ್ಟಾಗ (ಸ್ಲೋದಲ್ಲಿ) ಎಂಜಿನ್ ಒಂದೇ ಸಮನೆ ಓಡುವುದಿಲ್ಲ. ಬುಷ್ ಹಾಕಿಸುವುದು ಒಳ್ಳೆಯ ಲೇತ್ ಕೆಲಸಗಾರನ ಪಾಲಿನದು, ಮನೆಯಲ್ಲಿ ಆಗುವಂಥದ್ದಲ್ಲ.

ಜೋಡಿಸಿ ಪರೀಕ್ಷಿಸುವುದು

ಬಿಚ್ಚಿದ್ದರ ತಿರುವುಮುರುವು ಕ್ರಮ. ಮುಚ್ಚಳದ ಸ್ಕ್ರೂಗಳನ್ನು ಎದುರುಬದುರು, ಎರಡು ಮೂರು ಹಂತದಲ್ಲಿ ಬಿಗಿಯಿರಿ. ಮಿಕ್ಸ್ಚರ್ ಸ್ಕ್ರೂ ಬರೆದಿಟ್ಟ ಸುತ್ತಿಗೆ ಬರಲಿ, ಗೊತ್ತಿಲ್ಲದಿದ್ದರೆ ಒಂದೂವರೆ ಸುತ್ತು ಹೊರಗೆ. ಟ್ಯಾಂಕಿಗೂ ಪಂಪಿಗೂ ನಡುವೆ ಹೊಸ ಫಿಲ್ಟರ್ ಹಾಕಿ. ಬ್ಯಾಟರಿ ಜೋಡಿಸುವ ಮೊದಲು ಕೈ ಲಿವರಿನಿಂದ ಚೇಂಬರ್ ತುಂಬಿಸಿ, ಪ್ರತಿ ಜಾಯಿಂಟಿಗೂ ಒಣ ಬಿಳಿ ಕಾಗದ ಒತ್ತಿ ನೋಡಿ. ಕಾಗದ ಒಣಗಿದ್ದರೆ ಮಾತ್ರ ಸ್ಟಾರ್ಟ್ ಮಾಡಿ.

ಎಂಜಿನ್ ಬಿಸಿಯಾದ ಮೇಲೆ ಮಿಕ್ಸ್ಚರ್ ಸ್ಕ್ರೂವನ್ನು ಸದ್ದು ಅತಿ ನಯವಾಗುವ ಜಾಗಕ್ಕೆ ತನ್ನಿ. ಎಥನಾಲ್ ಬೆರೆತ ಪೆಟ್ರೋಲಿಗೆ ಗಾಳಿ ಕಡಿಮೆ ಸಾಕು, ಆದ್ದರಿಂದ ಹಳೆ ಹೊಂದಿಕೆಯಲ್ಲಿ ಕಾರು ಸ್ವಲ್ಪ ತೆಳುವಾಗಿ (ಗಾಳಿ ಹೆಚ್ಚು, ಪೆಟ್ರೋಲ್ ಕಡಿಮೆಯಾಗಿ) ಓಡುತ್ತದೆ. ಸ್ಕ್ರೂವನ್ನು ಕಾಲು ಸುತ್ತು ಹೊರಗೆ ಬಿಡಬೇಕಾಗಬಹುದು.

ಹೊಸ ನೀಡಲ್, ಹೊಸ ಫ್ಲೋಟ್ ಇದ್ದೂ ಉಕ್ಕುವುದು ನಿಲ್ಲದಿದ್ದರೆ ಕಾರ್ಬೊರೇಟರನ್ನು ಮತ್ತೆ ಬಿಚ್ಚಬೇಡಿ, ಪಂಪಿನ ಒತ್ತಡ ಅಳೆಯಿಸಿ. ಹಿಂದಿನ ಮಾಲೀಕರು ಜೋರಿನ ಎಲೆಕ್ಟ್ರಿಕ್ ಪಂಪ್ ಹಾಕಿಸಿದ್ದರೆ ಯಾವ ನೀಡಲೂ ತಡೆಯಲಾರದು. ಜೊತೆಗೆ ಎಂಜಿನ್ ಆಯಿಲಿನ ಕಡ್ಡಿ ಎಳೆದು ಮೂಸಿ ನೋಡಿ. ಪೆಟ್ರೋಲ್ ವಾಸನೆ ಇದ್ದರೆ, ಅಥವಾ ಆಯಿಲ್ ಮಟ್ಟ ಇದ್ದದ್ದಕ್ಕಿಂತ ಏರಿದ್ದರೆ, ಉಕ್ಕಿದ ಪೆಟ್ರೋಲ್ ಸಿಲಿಂಡರ್ ದಾಟಿ ಇಳಿದಿದೆ ಅಥವಾ ಪಂಪಿನ ಡಯಾಫ್ರಾಮ್ ಹರಿದಿದೆ. ಕಾರಣ ಸರಿಮಾಡಿ, ಆಯಿಲ್ ಮತ್ತು ಆಯಿಲ್ ಫಿಲ್ಟರ್ ಬದಲಿಸಿದ ಮೇಲಷ್ಟೇ ಕಾರನ್ನು ರಸ್ತೆಗಿಳಿಸಿ.