ಅಡಿಕೆ ಹಾಳೆಯಲ್ಲಿ ಯೋಧೆಯ ಕವಚ: ಮೂರನೆಯ ಜೋಡಿ ನಿಂತಿತು

ಅಡಿಕೆ ಸೋಗೆಯ ಬುಡದ ಹಾಳೆಯ ಕವಚ ಕತ್ತಿಯ ಮೊದಲ ಪೆಟ್ಟಿಗೇ ಉದ್ದಕ್ಕೆ ಸೀಳುತ್ತದೆ ಎಂದು ಚೌಕಿಯಲ್ಲಿ (ಯಕ್ಷಗಾನದ ಬಣ್ಣದ ಮನೆಯಲ್ಲಿ) ಪಳಗಿದವರೂ ಸಿನಿಮಾದವರೂ ಹೇಳಿದ್ದರು. ಒಂದೇ ಪದರವಾದರೆ ಆ ಮಾತು ನಿಜ. ನಮ್ಮ ಚಿತ್ರದಲ್ಲಿ ಮಾಟಗಾರನ ಕೋಟೆಗೆ ನುಗ್ಗುವ ಯೋಧೆಗಾಗಿ ಕಾಸರಗೋಡಿನ ಬದಿಯಡ್ಕ ಕಡೆಯ ತೋಟದ ಹಾಳೆಯಲ್ಲಿ ಮಾಡಿದ ಮೂರನೆಯ ಜೋಡಿ 9 ದಿನದ ಹೊಡೆದಾಟ ತಾಳಿದೆ. ತೂಕ ಒಂದೂವರೆ ಕಿಲೋ ಒಳಗೆ. ಫೋಮ್ ಕವಚಕ್ಕೆ 18,000 ಕೇಳಿದ್ದರು. ಇದರ ಸಾಮಾನಿಗೆ ಆದದ್ದು ಸುಮಾರು 2,400. ಕೆಟ್ಟ ಎರಡು ಜೋಡಿಗಳಿಗೆ ಇನ್ನೊಂದು 3,000 ಹೋಯಿತು.

ಹಾಳೆ ಬೇಸಿಗೆಯಲ್ಲಿ ಬಿದ್ದದ್ದೇ ಆಗಬೇಕು, ಬಿದ್ದ ವಾರದೊಳಗೆ ಹೆಕ್ಕಬೇಕು. ಮಳೆ ತಾಗಿದರೆ ಕಪ್ಪು ಬೂಸ್ಟು ಒಳಗಿಳಿಯುತ್ತದೆ. ಮೇಲೆ ಬಳಿದ ಬಣ್ಣವೂ ಎದ್ದುಬರುತ್ತದೆ. ಒಣಗಿದ ಹಾಳೆಯನ್ನು ರಾತ್ರಿಯಿಡೀ ನೆನೆಸಿದರೆ ಸಾಕು. ಎರಡು ದಿನ ಬಿಟ್ಟರೆ ಲೋಳೆಯಾಗಿ ಒಳಸಿಪ್ಪೆ ಏಳುತ್ತದೆ.

ಅಚ್ಚಿಗೆ ನಟಿ ತೊಟ್ಟ ಹಳೆಯ ಅಂಗಿಯ ಮೇಲೆ ಟೇಪು ಸುತ್ತಿ, ಕತ್ತರಿಸಿ ತೆಗೆದು, ಚೇರಿ (ತೆಂಗಿನ ನಾರು) ತುಂಬಿ, ಪ್ಲಾಸ್ಟರ್ ಬಳಿದೆವು. ಒಳಗಿನ ದಪ್ಪ ಬಟ್ಟೆಗೆಂದು ಸುತ್ತಲೂ ಒಂದೂವರೆ ಸೆಂ.ಮೀ. ಹೆಚ್ಚು. ಒದ್ದೆ ಹಾಳೆಯನ್ನು ಅದರ ಮೇಲಿಟ್ಟು ಸೈಕಲ್ ಟ್ಯೂಬಿನ ಪಟ್ಟಿಯಿಂದ ಬಿಗಿದು 3 ದಿನ ನೆರಳಲ್ಲಿ ಒಣಗಿಸಬೇಕು. ಮೊದಲ ಜೋಡಿಯನ್ನು ಬಿಸಿಲಿಗಿಟ್ಟು ಅಂಚೆಲ್ಲ ಸುರುಳಿಯಾಯಿತು.

ಸೀಳುವುದು ನಾರಿನ ದಿಕ್ಕಿನಲ್ಲಿ ಮಾತ್ರ. ಆದ್ದರಿಂದ ಎರಡನೆಯ ಪದರದ ನಾರು ಅಡ್ಡ ಬರಬೇಕು, ಪ್ಲೈವುಡ್ಡಿನ ಹಾಗೆ. ಅದನ್ನೂ ಮೊದಲನೆಯದರ ಮೇಲೆಯೇ ಬಿಗಿದು ಒಣಗಿಸಿ, ಬಿಡಿಸಿ, ಆಮೇಲೆ ಅಂಟಿಸಬೇಕು. ಹಸಿಯಲ್ಲೇ ಅಂಟಿಸಿದರೆ ನಡುವೆ ಬೂಸ್ಟು. ಬಡಗಿಗಳ ಬಿಳಿ ಗಮ್ಮು ಬೆವರಿಗೆ ಬಿಡುತ್ತದೆ. ರಬ್ಬರ್ ಅಂಟನ್ನು ಎರಡೂ ಕಡೆ ಹಚ್ಚಿ, ಹತ್ತು ಹದಿನೈದು ನಿಮಿಷ ಆರಲು ಬಿಟ್ಟು ಒತ್ತಿ.

ಎರಡನೆಯ ಜೋಡಿ ಕೆಟ್ಟದ್ದು ರಬ್ಬರಿನಿಂದ. ಒಳಮೈಗೆ ತೆಳು ಹತ್ತಿ ಬಟ್ಟೆಯಿಟ್ಟು ತೋಟದ ಹಸಿ ರಬ್ಬರ್ ಹಾಲು ಬಳಿದು, ಹಿತ್ತಾಳೆ ರಿವೆಟ್ ಹೊಡೆದಿದ್ದೆವು. ಕೆಲವೇ ವಾರಗಳಲ್ಲಿ ರಿವೆಟ್ಟಿನ ಸುತ್ತ ಬೆಲ್ಲದ ಪಾಕದಂತೆ ಅಂಟಂಟು. ತಾಮ್ರ ರಬ್ಬರಿನ ಶತ್ರು, ಹಿತ್ತಾಳೆಯಲ್ಲಿ ಅದೇ ಇದೆ. ಈಗ ವಲ್ಕನೈಸ್ ಮಾಡಿದ (ಗಂಧಕ ಸೇರಿಸಿ ಹದಗೊಳಿಸಿದ) ರಬ್ಬರ್ ಹಾಲು, ಅಂದರೆ ಲೇಟೆಕ್ಸ್, ಅಲ್ಯುಮಿನಿಯಂ ರಿವೆಟ್.

ಎದೆಗೆ ಎರಡು ಉಬ್ಬು ಬೇಕೆಂದು ಬೇಡಿಕೆಯಿತ್ತು. ಹಾಳೆ ಒಂದೇ ದಿಕ್ಕಿಗೆ ಚೆನ್ನಾಗಿ ಬಾಗುತ್ತದೆ, ಬಿಸಿ ಅಚ್ಚಿನ ಯಂತ್ರವಿಲ್ಲದೆ ಬಟ್ಟಲಾಗುವುದಿಲ್ಲ. ಅಲ್ಲದೆ ಅಂಥ ಉಬ್ಬು ಕತ್ತಿಯನ್ನು ಜಾರಿಸಿ ಎದೆಮೂಳೆಗೇ ತರುತ್ತದೆ. ನಡುವೆ ಒಂದು ಏಣು ಇಟ್ಟರೆ ಪೆಟ್ಟು ಎರಡು ಬದಿಗೆ ಜಾರುತ್ತದೆ. ಯೋಧೆ ಯೋಧೆಯಾಗಿ ಕಾಣುವುದೂ ಆಗಲೇ. ಹೊಟ್ಟೆಯ ಭಾಗಕ್ಕೆ ಒಂದರ ಮೇಲೊಂದು ಏರುವ 5 ಪಟ್ಟಿ, ಹೆಗಲಿಗೆ ಭುಜಕೀರ್ತಿಯಂತೆ ಬೇರೆಯೇ ತುಂಡು. ಇಲ್ಲದಿದ್ದರೆ ಕೈ ಮೇಲೆತ್ತುವಾಗ ಇಡೀ ಕವಚ ಗಲ್ಲಕ್ಕೆ ಬರುತ್ತದೆ.

ಬಣ್ಣಕ್ಕೆ ಮೊದಲು ಎರಡು ಕೈ ಫ್ರೆಂಚ್ ಪಾಲಿಶ್ (ಅರಗಿನ ಮೆರುಗು), ಮೇಲೆ ಕಪ್ಪು, ಆಮೇಲೆ ಒಣಗಿದ ಬ್ರಷ್ಷಿನಲ್ಲಿ ಬೆಳ್ಳಿಬಣ್ಣ.

ಕತ್ತಿ 6 ಮಿ.ಮೀ. ಅಲ್ಯುಮಿನಿಯಂ ಪಟ್ಟಿಯದು. ಪ್ರತಿ ಸಂಜೆ ಅಂಚಿನ ಕಚ್ಚುಗಳನ್ನು ಅರದಿಂದ ಉಜ್ಜಲೇಬೇಕು, ಅವೇ ಹಾಳೆಯನ್ನೂ ಕೈಯನ್ನೂ ಹರಿಯುವುದು.

ಮಾಟದ ಬೆಂಕಿಗೆ ಯಕ್ಷಗಾನದ ದಾರಿಯನ್ನೇ ಹಿಡಿದೆವು: ದೊಂದಿಗೆ ರಾಳದ ಹುಡಿ ಎಸೆಯುವುದು. ಉರಿ ಕ್ಷಣಮಾತ್ರ, ಸೆಕೆಂಡಿಗೆ 50 ಫ್ರೇಮಿನಲ್ಲಿ ಹಿಡಿದು ನಿಧಾನಿಸಿದರೆ ಉರಿಯ ನಾಲಗೆ ಎಳೆ ಎಳೆಯಾಗಿ ಕಾಣುತ್ತದೆ. ಹಾಳೆ, ಲೇಟೆಕ್ಸ್ ಎರಡೂ ಹೊತ್ತುವಂಥವು. ಹಾಗಾಗಿ ಉರಿಯನ್ನು ಕತ್ತಲಲ್ಲಿ ಬೇರೆಯೇ ಚಿತ್ರಿಸಿ ಸಂಕಲನದಲ್ಲಿ ಕೂಡಿಸಿದೆವು.

ಕೋಟೆಯ ದೃಶ್ಯಕ್ಕೆ ಬೇಕಲದ ಕೋಟೆಗೆ ಹೋಗಲಿಲ್ಲ. ಅಲ್ಲಿ ಪುರಾತತ್ವ ಇಲಾಖೆಯ ಅನುಮತಿ ಬೇಕು. ಕೆಲಸ ನಿಂತ ಮುರಕಲ್ಲಿನ (ಕೆಂಪುಕಲ್ಲಿನ) ಕೋರೆಯಲ್ಲಿ ಯಂತ್ರ ಕೊಯ್ದ ನೆಟ್ಟಗಿನ ಗೋಡೆಗಳು ಪಾಳು ಕೋಟೆಯಂತೆಯೇ ಕಾಣುತ್ತವೆ. ಅಲ್ಲಿನ ಕೆಂಪು ಹುಡಿ ಕವಚದ ಸಂದುಗಳಲ್ಲಿ ಕೂತು ಹಳತಿನ ಕಳೆ ತಂದಿತು. ಅದನ್ನು ಒರೆಸದೆ, ಮೇಲೊಂದು ತೆಳು ಪಾಲಿಶ್ ಹೊಡೆದು ಹಾಗೆಯೇ ಉಳಿಸಿದೆವು.