ಗಪ್ಪಿ ಮರಿಗೆ ಹುಷಾರಿಲ್ಲವೇ? ಔಷಧಿಗೂ ಮೊದಲು ನೀರು ನೋಡಿ

ಗಪ್ಪಿ ಮೊಟ್ಟೆ ಇಡುವುದಿಲ್ಲ, ಮರಿಯನ್ನೇ ಹಾಕುತ್ತದೆ. ಹಾಗಾಗಿ ಮೀನು ಸಾಕಲು ಶುರುಮಾಡಿದವರ ಟ್ಯಾಂಕಿನಲ್ಲಿ ಬಲುಬೇಗ ಮರಿಗಳ ಓಡಾಟ ಕಾಣುತ್ತದೆ. ಆಮೇಲೊಂದು ದಿನ ಕೆಲವು ಈಜುರೆಕ್ಕೆ ಮಡಚಿಕೊಂಡು ಮೂಲೆ ಸೇರುತ್ತವೆ, ಕೆಲವು ನಿಂತಲ್ಲೇ ನಡುಗುತ್ತವೆ. ಗಾಬರಿಯಲ್ಲಿ ಹೊಸಬರು ಟ್ಯಾಂಕಿನ ನೀರನ್ನೆಲ್ಲ ಚೆಲ್ಲಿ ಹೊಸದು ತುಂಬುತ್ತಾರೆ, ಅಂಗಡಿಯವರು ಕೊಟ್ಟ ನೀಲಿ ಔಷಧಿ ಸುರಿಯುತ್ತಾರೆ. ಎರಡೂ ಬೇಡ.

ಮೊದಲು ಟಾರ್ಚ್ ಹಿಡಿದು ಐದು ನಿಮಿಷ ನೋಡಿ. ಮರಿಗಳೆಲ್ಲ ಒಟ್ಟಿಗೇ ಸೊರಗಿದ್ದರೆ ಅನುಮಾನ ನೀರಿನ ಮೇಲೆ. ಒಂದೆರಡಕ್ಕೆ ಮಾತ್ರ ಹುಷಾರಿಲ್ಲದಿದ್ದರೆ ಕಾಯಿಲೆ ಇರಬಹುದು. ನೀರಿನ ಮೇಲ್ಮೈಗೆ ಬಂದು ಬಾಯಿ ಬಡಿಯುತ್ತಿವೆಯೇ? ಆಮ್ಲಜನಕ ಸಾಲುತ್ತಿಲ್ಲ, ಇಲ್ಲವೇ ಅಮೋನಿಯಾ ಕಿವಿರುಗಳನ್ನು ಸುಡುತ್ತಿದೆ. ಮೈಮೇಲೆ ರವೆ ಉದುರಿಸಿದಂತೆ ಬಿಳಿ ಚುಕ್ಕೆಗಳಿದ್ದರೆ ಅದು ‘ಇಕ್’ ಎಂಬ ಪರಾವಲಂಬಿಯ ಕೆಲಸ.

ನೀರಿನ ಕೆಲಸ

ಟೆಸ್ಟ್ ಕಿಟ್‌ನಲ್ಲಿ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆ ತೋರಿಸಬೇಕು. ಮೀನಿನ ಹೊಲಸಿನಿಂದ ಬರುವ ಅಮೋನಿಯಾವನ್ನು ಅರಗಿಸುವ ಬ್ಯಾಕ್ಟೀರಿಯಾ ಫಿಲ್ಟರ್‌ನಲ್ಲಿ ನೆಲೆಯೂರಲು ಸಾಮಾನ್ಯವಾಗಿ 4ರಿಂದ 6 ವಾರ ಬೇಕು. ಟ್ಯಾಂಕ್ ತಂದ ಮೊದಲ ತಿಂಗಳಲ್ಲೇ ಮೀನು ಸಾಯುವುದು ಬಹುಪಾಲು ಇದಕ್ಕೇ. ಕಿಟ್ ಇಲ್ಲದಿದ್ದರೂ ಕಾಯಬೇಡಿ, ಕಾಲುಭಾಗ ನೀರು ತೆಗೆದು ಟ್ಯಾಂಕಿನ ನೀರಿನಷ್ಟೇ ಬೆಚ್ಚಗಿರುವ ಹೊಸ ನೀರು ನಿಧಾನವಾಗಿ ಹಾಕಿ. ನಲ್ಲಿ ನೀರಾದರೆ ಆಂಟಿ-ಕ್ಲೋರಿನ್ ಹನಿ ಬೆರೆಸಿಯೇ ಹಾಕಬೇಕು. ಬೋರ್‌ವೆಲ್‌ನ ಗಡಸು ನೀರು ಗಪ್ಪಿಗೆ ಚೆನ್ನಾಗಿ ಒಗ್ಗುತ್ತದೆ. ಶುದ್ಧವಾಗಿದೆ ಎಂದು ಬರೀ ಆರ್‌ಒ ನೀರು ಹಾಕುವವರಿದ್ದಾರೆ. ಖನಿಜಾಂಶವಿಲ್ಲದ ಆ ನೀರಿನಲ್ಲೇ ಗಪ್ಪಿಗಳು ನಡುಗತೊಡಗುತ್ತವೆ.

ಫಿಲ್ಟರ್ ಸ್ಪಾಂಜನ್ನು ನಲ್ಲಿಯಡಿ ತೊಳೆದರೆ ಒಳ್ಳೆಯ ಬ್ಯಾಕ್ಟೀರಿಯಾವೂ ಸಾಯುತ್ತದೆ. ಟ್ಯಾಂಕಿನಿಂದ ತೆಗೆದ ಹಳೇ ನೀರಿನಲ್ಲೇ ಹಿಂಡಿ. ನೀರು ತೆಗೆಯುವ ಪೈಪನ್ನು ಬಾಯಲ್ಲಿ ಎಳೆಯಬೇಡಿ, ಕೈಯಲ್ಲಿ ಗಾಯವಿದ್ದರೆ ಗ್ಲೌಸ್ ಹಾಕಿಕೊಳ್ಳಿ. ಮೀನಿನ ಕ್ಷಯದ ಬ್ಯಾಕ್ಟೀರಿಯಾ ಮನುಷ್ಯರ ಚರ್ಮಕ್ಕೂ ಹತ್ತಬಲ್ಲದು.

ಬಿಳಿ ಚುಕ್ಕೆಗೆ ಬಿಸಿ, ಉಪ್ಪು

ಡಿಸೆಂಬರ್–ಜನವರಿಯ ರಾತ್ರಿಗಳಲ್ಲಿ ಬೆಂಗಳೂರು, ಮಲೆನಾಡಿನ ಕಡೆ ಹೀಟರ್ ಇಲ್ಲದ ಸಣ್ಣ ಟ್ಯಾಂಕ್ ಬೇಗ ತಣ್ಣಗಾಗುತ್ತದೆ. ಮೀನು ಬಳಲುತ್ತದೆ, ಇಕ್‌ಗೆ ಅದೇ ಸಮಯ. ಚುಕ್ಕೆ ಕಂಡ ಮರಿಯನ್ನಷ್ಟೇ ಬೇರೆ ಮಾಡಿ ಪ್ರಯೋಜನವಿಲ್ಲ, ಏಕೆಂದರೆ ಪರಾವಲಂಬಿ ಆಗಲೇ ಟ್ಯಾಂಕ್ ತುಂಬ ಇರುತ್ತದೆ. ಮೀನಿನ ಚರ್ಮದೊಳಗೆ ಬೆಳೆದು, ಕಳಚಿ ತಳಕ್ಕೆ ಬಿದ್ದು, ಅಲ್ಲಿ ನೂರಾರಾಗಿ ಒಡೆದು ಮತ್ತೆ ಮೀನು ಹುಡುಕಿಕೊಂಡು ಈಜುತ್ತದೆ. ಉಪ್ಪಾಗಲಿ ಔಷಧಿಯಾಗಲಿ ತಾಗುವುದು ಹೀಗೆ ಈಜುವ ಹಂತದಲ್ಲಿ ಮಾತ್ರ. ಎರಡೇ ದಿನಕ್ಕೆ ಚುಕ್ಕೆ ಮಾಯವಾಯಿತೆಂದು ನಿಲ್ಲಿಸಿದರೆ ರೋಗ ಮರಳುವುದು ಇದರಿಂದಲೇ.

ಹೀಟರ್‌ನಿಂದ ನೀರನ್ನು ಒಂದೆರಡು ದಿನದಲ್ಲಿ ಮೆಲ್ಲನೆ 28–29 ಡಿಗ್ರಿಗೆ ಏರಿಸಿ. ಬಿಸಿಯಾದಷ್ಟೂ ಪರಾವಲಂಬಿಯ ಚಕ್ರ ಬೇಗ ಮುಗಿಯುತ್ತದೆ. ಆದರೆ ಬೆಚ್ಚಗಿನ ನೀರಿನಲ್ಲಿ ಆಮ್ಲಜನಕ ಕಡಿಮೆ, ಏರ್ ಪಂಪ್ ನಿಲ್ಲಿಸುವಂತಿಲ್ಲ. ಜೊತೆಗೆ ಲೀಟರಿಗೆ 2 ಗ್ರಾಂ ಲೆಕ್ಕದಲ್ಲಿ ಕಲ್ಲುಪ್ಪು. ಚಮಚದ ಅಂದಾಜು ಬೇಡ, ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ. ನೀರಿನಲ್ಲಿ ಕರಗಿಸಿ, ಒಂದು ದಿನದ ಅವಧಿಯಲ್ಲಿ ಮೂರು ಕಂತಾಗಿ ಹಾಕಿ. ಗಪ್ಪಿ ಇಷ್ಟು ಉಪ್ಪು ಆರಾಮವಾಗಿ ತಾಳುತ್ತದೆ. ಕೋರಿಡೋರಾಸ್‌ನಂಥ ತಳದ ಮೀನುಗಳನ್ನೂ ಸೂಕ್ಷ್ಮ ಗಿಡಗಳನ್ನೂ ಮಾತ್ರ ಮೊದಲೇ ಬೇರೆಡೆ ಇಡಿ. ಆ ಮೀನುಗಳ ಮೈಮೇಲೂ ಚುಕ್ಕೆ ಬರುತ್ತದೋ ಗಮನಿಸುತ್ತಿರಿ.

ನೀರು ಆವಿಯಾದರೂ ಉಪ್ಪು ಅಲ್ಲೇ ಉಳಿಯುತ್ತದೆ. ಆದ್ದರಿಂದ ಕಡಿಮೆಯಾದ ನೀರಿಗೆ ಸಪ್ಪೆ ನೀರನ್ನೇ ಸೇರಿಸಿ. ತೆಗೆದು ಬದಲಿಸಿದಾಗ ಮಾತ್ರ, ತೆಗೆದ ಅಳತೆಗೆ ತಕ್ಕಷ್ಟು ಉಪ್ಪು. ಕೊನೆಯ ಚುಕ್ಕೆ ಹೋದ ಮೇಲೂ ಒಂದು ವಾರ ಮುಂದುವರಿಸಿ.

ದೊಡ್ಡ ಮೀನನ್ನು ಒಂದೆರಡು ದಿನ ಉಪವಾಸ ಇಡಬಹುದು. ಮರಿಗಳಿಗೆ ಅದು ಆಗದು. ಚಿಟಿಕೆಗಿಂತ ಕಡಿಮೆ ಪುಡಿ ಆಹಾರವನ್ನು ದಿನಕ್ಕೆ ಮೂರ್ನಾಲ್ಕು ಸಲ ಕೊಟ್ಟು, ಉಳಿದದ್ದನ್ನು ತೆಗೆಯಿರಿ. ಬೇಯಿಸಿದ ಮೊಟ್ಟೆಯ ಹಳದಿ ನೀರನ್ನು ಬೇಗ ಕೆಡಿಸುತ್ತದೆ, ನನ್ನನ್ನು ಕೇಳಿದರೆ ಈ ದಿನಗಳಲ್ಲಿ ಅದು ಬೇಡವೇ ಬೇಡ.

ಔಷಧಿ ಯಾವಾಗ?

ನೀರು ಸರಿಯಿದ್ದೂ, ಉಪ್ಪು ಹಾಕಿಯೂ ಚುಕ್ಕೆ ಹೆಚ್ಚುತ್ತಲೇ ಇದ್ದರೆ ಮಾತ್ರ. ಇಕ್‌ಗೆಂದೇ ಸಿಗುವ ಔಷಧಿಯನ್ನು ಬಾಟಲಿಯ ಮೇಲಿನ ಪ್ರಮಾಣ ಮೀರದೆ ಬಳಸಿ, ಎರಡು ಔಷಧಿ ಬೆರೆಸಬೇಡಿ. ಮೆಥಿಲೀನ್ ಬ್ಲೂ ಎಂಬ ನೀಲಿ ಔಷಧಿ ಫಿಲ್ಟರ್‌ನ ಬ್ಯಾಕ್ಟೀರಿಯಾವನ್ನೂ ಕೊಲ್ಲುತ್ತದೆ, ಅದನ್ನು ಹಾಕುವುದಿದ್ದರೆ ಪ್ರತ್ಯೇಕ ಟಬ್‌ನಲ್ಲಿ. ಮನೆಯಲ್ಲಿ ಉಳಿದ ಆಂಟಿಬಯಾಟಿಕ್ ಕ್ಯಾಪ್ಸೂಲ್ ಬಿಚ್ಚಿ ಸುರಿಯುವ ಸಲಹೆ ಯಾರೇ ಕೊಟ್ಟರೂ ಕೇಳಬೇಡಿ.

ಸತ್ತ ಮರಿಯನ್ನು ಕೂಡಲೇ ತೆಗೆದು ಮಣ್ಣಿನಲ್ಲಿ ಹೂಳಿ. ಬದುಕಿದ ಮರಿಗಳು ಹೆಚ್ಚಾದವೆಂದು ಕೆರೆಗೆ ಬಿಡಬೇಡಿ. ಗಪ್ಪಿ ದಕ್ಷಿಣ ಅಮೆರಿಕ ಮೂಲದ್ದು, ನಮ್ಮ ಕೆರೆಯ ಸಣ್ಣ ಮೀನುಗಳ ಜಾಗ ಕಸಿಯುತ್ತದೆ. ಇನ್ನು ಅಂಗಡಿಯಿಂದ ಹೊಸ ಮೀನು ತಂದಾಗ 10–15 ಲೀಟರಿನ ಟಬ್‌ಗೆ ಸ್ಪಾಂಜ್ ಫಿಲ್ಟರ್ ಹಾಕಿ ಎರಡು ಮೂರು ವಾರ ಅಲ್ಲೇ ಇಡಿ. ಆ ಟಬ್‌ಗೆ ಬಲೆಯೂ ಬೇರೆಯೇ ಇರಲಿ.